ದಿನಾ ತಿನ್ನುವವರ ಬೆನ್ನು ಹತ್ತಿ

ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಬೆಳಿಗ್ಗೆ ಏಳು ಗಂಟೆಗೆ ಟಿಫಿನ್ ಬಂಡಿಯೊಂದರ ಮುಂದೆ ನಿಂತಿದ್ದೆ. ಬಂಡಿಯ ಹಲಗೆಯ ಮೇಲೆ ತೆಲುಗಿನಲ್ಲಿ 'ಮೈಸೂರು ಬಜ್ಜಿ' ಎಂದು ಬರೆದಿತ್ತು. ಮೈಸೂರಿನವನಾದ ನಾನು ಅದನ್ನು ತಿನ್ನದೆ ಮುಂದೆ ಹೋಗುವುದು ಹೇಗೆ? ಒಂದು ಪ್ಲೇಟ್ ಹೇಳಿದೆ. ಬಂದದ್ದು ಮಂಗಳೂರಿನ ಗೋಳಿಬಜೆ! ಅದೇ ಮೈದಾ, ಅದೇ ಹುಳಿ ಮೊಸರು, ಅದೇ ಜೀರಿಗೆ, ಹಸಿಮೆಣಸಿನಕಾಯಿ. ಒಳಗೆ ಅದೇ ಜೇನುಗೂಡಿನಂಥ ಮೆತ್ತನೆ ತೂತುಗಳು. ಬೆಂಗಳೂರಿನ ಹೋಟೆಲಿನಲ್ಲಿ ಇದನ್ನೇ ಮಂಗಳೂರು ಬಜ್ಜಿ ಅನ್ನುತ್ತಾರೆ. ಆಂಧ್ರದುದ್ದಕ್ಕೂ ಇದಕ್ಕೆ ಮೈಸೂರು ಬಜ್ಜಿ ಅಥವಾ ಮೈಸೂರು ಬೋಂಡಾ ಎಂದೇ ಹೆಸರು. ತಮಿಳುನಾಡಿಗೆ ಹೋಗಿ ಮೈಸೂರು ಬೋಂಡಾ ಕೇಳಿದರೆ ಉದ್ದಿನ ಹಿಟ್ಟಿನದು ಕೊಡುತ್ತಾರೆ. ಮೈಸೂರಿನಲ್ಲಿ ಈ ಹೆಸರು ಹೇಳಿದರೆ ಸಪ್ಲೈಯರ್ ಮುಖ ನೋಡುತ್ತಾನೆ. ಪಕ್ಕದವರು ಪೂರಿಗೆ ನೆಂಚಿಕೊಳ್ಳುತ್ತಿದ್ದ ಕಡಲೆಹಿಟ್ಟಿನ ಗೊಜ್ಜಿನ ಹೆಸರು 'ಬಾಂಬೆ ಚಟ್ನಿ'. ಮುಂಬೈಯವರಿಗೆ ಅದರ ಸುದ್ದಿಯೇ ಇಲ್ಲ. ತಿಂಡಿಗಳಿಗೆ ಊರಿನ ಹೆಸರಿಡುವವರು ಆ ಊರಿಗೆ ಹೋಗಿರಲೇಬೇಕೆಂಬ ನಿಯಮವೇನೂ ಇಲ್ಲ ತಾನೆ.

ಹೊಸ ಊರಿಗೆ ಹೋದಾಗ ಅಗ್ಗವಾಗಿ, ರುಚಿಯಾಗಿ ತಿನ್ನುವುದು ಎಲ್ಲಿ ಎಂದು ಬಹಳ ಜನ ಕೇಳುತ್ತಾರೆ. ಕೇಳಿದವರ ಕೈಗೆ ಸಿಗುವುದು 'ತಪ್ಪದೇ ತಿನ್ನಬೇಕಾದ ಹತ್ತು ಜಾಗಗಳು' ಎಂಬ ಪಟ್ಟಿ. ಆ ಪಟ್ಟಿಯಲ್ಲಿ ಹೆಸರು ಬಂದ ದಿನದಿಂದಲೇ ಅಂಗಡಿಯ ಗಿರಾಕಿ ಬದಲಾಗುತ್ತಾನೆ. ಅಲ್ಲಿಯವರೆಗೆ ನಾಳೆಯೂ ಬರುವವನು ಬರುತ್ತಿದ್ದ. ಇನ್ನು ಮುಂದೆ ಜೀವಮಾನದಲ್ಲಿ ಒಂದೇ ಸಲ ಬರುವವನು ಬರುತ್ತಾನೆ. ಒಂದೇ ಸಲ ಬರುವವನಿಗೆ ಚಟ್ನಿ ನೀರಾದರೂ ಅಂಗಡಿಗೆ ನಷ್ಟವಿಲ್ಲ. ನಾಳೆ ಬರುವವನಿಗೆ ಚಟ್ನಿ ಹಳಸಿದರೆ ನಾಡಿದ್ದು ಅವನು ಎದುರಿನ ಬಂಡಿಯಲ್ಲಿರುತ್ತಾನೆ. ಹಾಗಾಗಿ ನಾನು ಜಾಗ ಹುಡುಕುವುದನ್ನು ಬಿಟ್ಟು ಜನರನ್ನು ಹುಡುಕುತ್ತೇನೆ. ಯಾವ ಊರಿನಲ್ಲಾದರೂ ಸರಿ, ಮನೆಯಿಂದ ದೂರವಿದ್ದು, ಜೇಬಿನಲ್ಲಿ ಹೆಚ್ಚು ಕಾಸಿಲ್ಲದೆ, ದಿನಕ್ಕೆ ಮೂರು ಹೊತ್ತೂ ಹೊರಗೆ ತಿನ್ನಲೇಬೇಕಾದ ಜನ ಎಲ್ಲಿದ್ದಾರೆ? ಅವರ ಬೆನ್ನು ಹತ್ತಿದರೆ ಸಾಕು.

ವಿಶಾಖಪಟ್ಟಣದಲ್ಲಿ ಅಂಥ ಜನ ಇರುವುದು ದ್ವಾರಕಾ ನಗರದಲ್ಲಿ. ಊರಿನ ದೊಡ್ಡ ಬಸ್ ನಿಲ್ದಾಣಕ್ಕೆ ದ್ವಾರಕಾ ಬಸ್ ಸ್ಟೇಷನ್ ಎಂದು ಹೆಸರಿದ್ದರೂ ಆಟೋದವರಿಗೆ ಅದು 'ಆರ್‌ಟಿಸಿ ಕಾಂಪ್ಲೆಕ್ಸ್'. ಅದರ ಪಕ್ಕದಿಂದ ಡೈಮಂಡ್ ಪಾರ್ಕಿನ ಕಡೆಗೆ ಹೊರಟರೆ ಸಿಗುವ ಅಡ್ಡರಸ್ತೆಗಳಿಗೆ 'ಲೇನ್' ಎನ್ನುತ್ತಾರೆ. ಒಂದೊಂದು ಕಟ್ಟಡದ ಮುಖದ ಮೇಲೂ ಕೋಚಿಂಗ್ ಸೆಂಟರುಗಳ ಫಲಕ. ಬ್ಯಾಂಕ್ ಪರೀಕ್ಷೆ, ರೈಲ್ವೆ ಪರೀಕ್ಷೆ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆ, ರಾಜ್ಯ ಸರ್ಕಾರಿ ಹುದ್ದೆಗಳ 'ಗ್ರೂಪ್ಸ್', ಎಂಜಿನಿಯರಿಂಗ್, ಸಾಫ್ಟ್‌ವೇರ್. ಶ್ರೀಕಾಕುಳಂ, ವಿಜಯನಗರಂ, ಪಾರ್ವತೀಪುರಂ ಕಡೆಯ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಇಲ್ಲಿನ ಹಾಸ್ಟೆಲುಗಳಲ್ಲಿ ಇರುತ್ತಾರೆ. ಸಾರ್ವಜನಿಕ ಗ್ರಂಥಾಲಯವೂ ಇದೇ ಬಡಾವಣೆಯಲ್ಲಿದೆ. ಓದಲು ಕೂತವರು ಹೊಟ್ಟೆ ಹಸಿದಾಗ ಎದ್ದು ಬಂದು ಬೀದಿಯಲ್ಲಿ ತಿಂದು ಮತ್ತೆ ಹೋಗಿ ಕೂರುತ್ತಾರೆ. ಧಾರವಾಡದ ಸಪ್ತಾಪುರ ನೋಡಿದವರಿಗೆ ಈ ಚಿತ್ರ ತಟ್ಟನೆ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಖಾನಾವಳಿ, ಇಲ್ಲಿ ಮೆಸ್. ಅಲ್ಲಿ ಜೋಳದ ರೊಟ್ಟಿ, ಇಲ್ಲಿ ಪಪ್ಪು ಎಂಬ ತೊವ್ವೆ ಮತ್ತು ಅನ್ನ. ಬೆಂಗಳೂರಿನ ವಿಜಯನಗರದಲ್ಲೂ ಇದೇ ವಯಸ್ಸಿನ, ಇದೇ ಜೇಬಿನ, ಇದೇ ಹಸಿವಿನ ಜನ ಸಿಗುತ್ತಾರೆ. ಅಪ್ಪ ಕಳಿಸಿದ ದುಡ್ಡು ತಿಂಗಳ ಕೊನೆಯವರೆಗೆ ಬರಬೇಕಲ್ಲ. ಆ ಲೆಕ್ಕ ಗೊತ್ತಿರುವ ಹುಡುಗನಿಗಿಂತ ಕಟ್ಟುನಿಟ್ಟಿನ ಆಹಾರ ವಿಮರ್ಶಕ ಇನ್ನೊಬ್ಬನಿಲ್ಲ.

ಬಂಡಿಯಲ್ಲಿ ತಿಂಡಿ ಅಗ್ಗವಾಗುವುದು ಹೇಗೆ ಎಂಬುದನ್ನು ಸ್ವಲ್ಪ ನಿಂತು ನೋಡಿದರೆ ಅರ್ಥವಾಗುತ್ತದೆ. ಇಡ್ಲಿಯಿಂದ ಶುರು ಮಾಡೋಣ. ಒಂದು ಅಳತೆ ಉದ್ದಿಗೆ ಎರಡು ಅಳತೆ ಅಕ್ಕಿ ರವೆ. ದುಬಾರಿ ಪದಾರ್ಥ ಕಡಿಮೆ, ಅಗ್ಗದ್ದು ಹೆಚ್ಚು. ರಾತ್ರಿಯ ಹುದುಗಿಗೆ ಖರ್ಚಿಲ್ಲ. ಒಂದು ಹಂಡೆ, ಒಂದು ಉರಿ, ಒಂದರ ಮೇಲೊಂದು ತಟ್ಟೆ; ಹತ್ತು ಹದಿನೈದು ನಿಮಿಷಕ್ಕೆ ಹತ್ತಾರು ಇಡ್ಲಿ ಒಟ್ಟಿಗೆ ಇಳಿಯುತ್ತವೆ. ದೋಸೆಯ ಕಥೆ ಬೇರೆ. ಒಂದು ದೋಸೆಗೆ ಕಾವಲಿಯ ಮೇಲೆ ಒಂದು ಜಾಗ, ಎರಡು ನಿಮಿಷ, ಒಬ್ಬ ಮನುಷ್ಯನ ಎರಡು ಕೈ. ದೇಶದ ಯಾವ ಮೂಲೆಗೆ ಹೋದರೂ ಇಡ್ಲಿ ದೋಸೆಗಿಂತ ಅಗ್ಗವಾಗಿರುವುದು ಇದರಿಂದಲೇ, ಹಿಟ್ಟಿನ ಬೆಲೆಯ ವ್ಯತ್ಯಾಸದಿಂದಲ್ಲ. ಇನ್ನು ಚಟ್ನಿ. ನಮ್ಮಲ್ಲಿ ತೆಂಗಿನಕಾಯಿ ತುರಿದು ಕೈ ಬಿಟ್ಟು ಹಾಕುವ ಕಡೆ ಇವರು ಹುರಿದ ಕಡಲೆಕಾಯಿ ಬೀಜ ರುಬ್ಬುತ್ತಾರೆ. ಅದು ದಪ್ಪ ಬರುತ್ತದೆ, ತೆಂಗಿನಕಾಯಿಯ ಹಾಗೆ ಬಿಸಿಲೇರಿದ ಕೂಡಲೇ ಹಳಸುವುದಿಲ್ಲ. ಪಕ್ಕದಲ್ಲಿ ಅಲ್ಲಂ ಪಚ್ಚಡಿ: ಶುಂಠಿ, ಹುಣಸೆ, ಬೆಲ್ಲ, ಮೆಣಸಿನಕಾಯಿ. ನಾಲ್ಕು ದಿನ ಇಟ್ಟರೂ ಕೆಡದು, ಒಂದು ಚಮಚ ಹಾಕಿದರೆ ತಟ್ಟೆಯೆಲ್ಲ ರುಚಿ.

ಬಾಡಿಗೆಯಿಲ್ಲ, ಕುರ್ಚಿಯಿಲ್ಲ, ಫ್ಯಾನಿಲ್ಲ. ಗಂಡ ಕಾವಲಿಯ ಮುಂದೆ, ಹೆಂಡತಿ ಚಟ್ನಿ ಬಡಿಸುತ್ತ, ಮಗ ದುಡ್ಡು ಎಣಿಸುತ್ತ ಇರುವುದರಿಂದ ಸಂಬಳವೂ ಇಲ್ಲ. ವರ್ಷದ ವ್ಯಾಪಾರ 20 ಲಕ್ಷ ದಾಟದವನಿಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲವಾದ್ದರಿಂದ ಹೋಟೆಲಿನ ಬಿಲ್ಲಿನ ಕೊನೆಯಲ್ಲಿ ಕಾಣುವ ಶೇ 5 ಇಲ್ಲಿ ಕಾಣುವುದಿಲ್ಲ. ಬಂಡಿಯವನನ್ನು ಹಿಂಡುವ ಖರ್ಚು ಎಂದರೆ ಗ್ಯಾಸ್. ನ್ಯಾಯವಾಗಿ ಅವನು ಉರಿಸಬೇಕಾದದ್ದು 19 ಕೆ.ಜಿ.ಯ ನೀಲಿ ವಾಣಿಜ್ಯ ಸಿಲಿಂಡರ್. ಎಣ್ಣೆಯ ಬೆಲೆ ಏರಿದಾಗ ಬಜ್ಜಿ ಚಿಕ್ಕದಾಗುತ್ತದೆಯೇ ಹೊರತು ರೇಟು ತಕ್ಷಣ ಏರುವುದಿಲ್ಲ, ಹಾಸ್ಟೆಲ್ ಹುಡುಗರು ಒಂದು ರೂಪಾಯಿಯ ವ್ಯತ್ಯಾಸವನ್ನೂ ಹಿಡಿಯುತ್ತಾರೆ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ತೆರೆದಾಗ ಬೆಂಗಳೂರಿಗರಿಗೆ ನಿಂತು ತಿನ್ನುವುದೇ ಒಂದು ಹೊಸ ಸಂಗತಿಯಾಗಿತ್ತು. ಕುರ್ಚಿ ಮತ್ತು ಸಪ್ಲೈಯರ್‌ನನ್ನು ತೆಗೆದು ಬೆಲೆ ಇಳಿಸಿದ ಆ ಉಪಾಯದಲ್ಲಿ ಬಂಡಿಯ ಬುದ್ಧಿಯೇ ಇದೆ. ಅದಕ್ಕೆ ನಾಲ್ಕು ಗೋಡೆ, ಸ್ಟೀಲಿನ ಕೌಂಟರ್ ಸೇರಿದವು, ಅಷ್ಟೆ.

ಬಂಡಿಯ ಮುಂದೆ ಮೊದಲು ನೋಡಬೇಕಾದದ್ದು ಎಷ್ಟು ಬಗೆ ಮಾಡುತ್ತಾನೆ ಎಂಬುದನ್ನು. ಮೂರು ಬಗೆ ಮಾಡುವವನ ಬಳಿ ನಿಲ್ಲಿ. ಮೂವತ್ತು ಬಗೆಯ ಪಟ್ಟಿ ತೂಗುಹಾಕಿದವನ ಬಳಿ ಇಪ್ಪತ್ತೇಳು ಬಗೆಯ ಹಳೆಯ ಸಾಮಾನು ಇರುತ್ತದೆ. ದ್ವಾರಕಾ ನಗರದಲ್ಲಿ ನನಗೆ ಬಹಳ ಹಿಡಿಸಿದ್ದು ಪೆಸರಟ್ಟನ್ನಷ್ಟೇ ಹಾಕುತ್ತಿದ್ದ ಒಂದು ಬಂಡಿ. ಹೆಸರುಕಾಳನ್ನು ಸಿಪ್ಪೆ ಸಮೇತ ನೆನೆಸಿ, ಒಂದು ಹಿಡಿ ಅಕ್ಕಿ, ಶುಂಠಿ, ಹಸಿಮೆಣಸು ಸೇರಿಸಿ ರುಬ್ಬಿ, ಹುದುಗಲು ಬಿಡದೆ ಆಗಲೇ ಹುಯ್ಯುವುದು ಇದರ ಕ್ರಮ. ಹುಳಿ ಬಂದರೆ ಪೆಸರಟ್ಟು ಕೆಟ್ಟಿತು. ಹಾಗಾಗಿ ನಿನ್ನೆ ಉಳಿದ ಹಿಟ್ಟನ್ನು ಇವತ್ತು ದಾಟಿಸುವುದು ಸುಲಭವಲ್ಲ, ನಾಲಿಗೆ ಕೂಡಲೇ ಹೇಳಿಬಿಡುತ್ತದೆ. ಹೊಸ ಊರಿನಲ್ಲಿ ಯಾರನ್ನು ನಂಬಬೇಕೆಂದು ತಿಳಿಯದವನಿಗೆ ಇದಕ್ಕಿಂತ ಒಳ್ಳೆಯ ತಿಂಡಿ ಇಲ್ಲ. ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಜೀರಿಗೆ. ಬೇಕಾದವರಿಗೆ ಮಧ್ಯೆ ಒಂದು ಸೌಟು ಉಪ್ಪಿಟ್ಟು. ಉಪ್ಪಿಟ್ಟು ಹೊಟ್ಟೆಗಿಟ್ಟುಕೊಂಡದ್ದನ್ನು ಎಂಎಲ್‌ಎ ಪೆಸರಟ್ಟು ಎನ್ನುತ್ತಾರೆ. ಹೈದರಾಬಾದಿನ ಶಾಸಕರ ವಸತಿಗೃಹದ ಕ್ಯಾಂಟೀನಿನಲ್ಲಿ ಹುಟ್ಟಿತೆಂದು ಕಥೆ. ಒಂದು ತಿಂಡಿಯೊಳಗೆ ಇನ್ನೊಂದು ತಿಂಡಿ ಸೇರಿಸಿಕೊಂಡದ್ದಕ್ಕೆ ಶಾಸಕರ ಹೆಸರು ಬಂದದ್ದರಲ್ಲಿ ನನಗೆ ಆಶ್ಚರ್ಯವೇನೂ ಕಾಣಲಿಲ್ಲ.

ಗಡಿಯಾರ ಇಲ್ಲಿ ವಿಳಾಸದಷ್ಟೇ ಮುಖ್ಯ. ಬೆಳಿಗ್ಗೆ ಆರಕ್ಕೆ ಬಂಡಿ ನಿಂತ ಜಾಗದಲ್ಲಿ ಹನ್ನೊಂದಕ್ಕೆ ಹೋದರೆ ತೊಳೆದ ನೆಲ ಮಾತ್ರ ಇರುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ಅದೇ ಜಾಗದಲ್ಲಿ ಬೇರೊಬ್ಬ ಎಣ್ಣೆ ಬಾಣಲೆ ಇಡುತ್ತಾನೆ: ಮೆಣಸಿನಕಾಯಿ ಬಜ್ಜಿ, ಹುಳಿ ಬಂದ ಇಡ್ಲಿ ಹಿಟ್ಟನ್ನು ಗೋಲಿಗಳಂತೆ ಕರಿದ ಪುನುಗುಲು. ಬೆಳಗಿನ ಇಡ್ಲಿ ಹಿಟ್ಟು ಸಂಜೆಗೆ ಪುನುಗುಲು ಆಗುವುದನ್ನು ಮೋಸ ಎನ್ನಬೇಡಿ, ಹುಳಿ ಏರಿದಷ್ಟೂ ಅದಕ್ಕೆ ರುಚಿ. ರಾತ್ರಿ ಏಳರ ಮೇಲೆ ಮತ್ತೆ ಟಿಫಿನ್, ಜೊತೆಗೆ 'ಫಾಸ್ಟ್ ಫುಡ್'. ಈ ಮಾತಿಗೆ ಆಂಧ್ರದಲ್ಲಿ ಒಂದೇ ಅರ್ಥ, ದೊಡ್ಡ ಉರಿಯ ಮೇಲೆ ಬಾಣಲೆ ಕುಣಿಸಿ ಮಾಡುವ ಎಗ್ ಫ್ರೈಡ್ ರೈಸ್ ಮತ್ತು ನೂಡಲ್ಸ್. ಹೊಟ್ಟೆ ತುಂಬುತ್ತದೆ. ಅದಕ್ಕಾಗಿ ರೈಲು ಹತ್ತಿ ಹೋಗಬೇಕಾಗಿಲ್ಲ.

ಕನ್ನಡದವರಿಗೆ ಈ ಊರಿನಲ್ಲಿ ಒಂದು ಅನುಕೂಲವಿದೆ, ಬಹಳ ಜನ ಅದನ್ನು ಬಳಸುವುದೇ ಇಲ್ಲ. ದಿಲ್ಲಿಯಿಂದ ಬಂದವನಿಗೆ ಓದಲಾಗದ ಫಲಕವನ್ನು ನಾವು ಓದಬಲ್ಲೆವು. ತೆಲುಗು ಲಿಪಿಯ ತಲೆಕಟ್ಟು ಸ್ವಲ್ಪ ಬೇರೆ, ಒಂದೆರಡು ಅಕ್ಷರ ತಕರಾರು ಮಾಡುತ್ತವೆ, ಉಳಿದದ್ದು ನಮ್ಮದೇ. ಅಗ್ಗದ ಅಂಗಡಿಯ ಫಲಕ ಬರೀ ತೆಲುಗಿನಲ್ಲಿರುತ್ತದೆ. ಇಂಗ್ಲಿಷ್ ಸೇರಿದ ಕಡೆ ಬಾಡಿಗೆಯೂ ಸೇರಿದೆ ಎಂದು ತಿಳಿಯಿರಿ. ಓದಿದ್ದು ಅರ್ಥವಾಗದಿದ್ದರೆ ಎರಡು ಕೀಲಿ ಕೊಡುತ್ತೇನೆ. ಅವರ 'ಪ' ಇದ್ದ ಕಡೆ ನಮ್ಮ 'ಹ' ಇಟ್ಟು ನೋಡಿ: ಪೆಸರು ಹೆಸರು, ಪಾಲು ಹಾಲು, ಪಂಡು ಹಣ್ಣು, ಪುಲುಸು ಹುಳಿ. ಹಳಗನ್ನಡದಲ್ಲಿ ನಮಗೂ 'ಪ'ವೇ ಇತ್ತು. ನಾವು ಉಸಿರಾಗಿಸಿ ಕಳೆದುಕೊಂಡೆವು, ಅವರು ಉಳಿಸಿಕೊಂಡರು. ಅವರ 'ವ' ಇದ್ದ ಕಡೆ 'ಬ' ಇಡಿ: ವೆನ್ನ ಬೆಣ್ಣೆ, ವೇಪ ಬೇವು. ಚಾರು ಅಂದರೆ ಸಾರು, ಪೊಡಿ ಅಂದರೆ ಪುಡಿ, ಅಲ್ಲಂ ಅಂದರೆ ಉತ್ತರ ಕರ್ನಾಟಕದವರ ಅಲ್ಲ. ಉಲವಚಾರು ನಮ್ಮ ಹುರುಳಿ ಕಟ್ಟಿನ ಸಾರಿನ ಅಣ್ಣ. ಗೋಂಗೂರ ಎಂದು ಅವರು ಹೆಮ್ಮೆಪಡುವುದು ರಾಯಚೂರು, ಕಲಬುರಗಿಯ ಪುಂಡಿಪಲ್ಯದ ಅದೇ ಸೊಪ್ಪಿನ ಬಗ್ಗೆ.

ಮಧ್ಯಾಹ್ನದ ವಿಷಯಕ್ಕೆ ಬರೋಣ. ಆಂಧ್ರದ ನಗರಗಳಲ್ಲಿ 'ಕರ್ರಿ ಪಾಯಿಂಟ್' ಎಂಬ ಅಂಗಡಿಗಳಿವೆ. ನಮ್ಮ ಊರುಗಳಲ್ಲಿ ಇವು ಇನ್ನೂ ಸರಿಯಾಗಿ ಬೇರು ಬಿಟ್ಟಿಲ್ಲ, ಬಿಡಬೇಕಿತ್ತು. ಹತ್ತಡಿ ಅಗಲದ ಮಳಿಗೆ, ಒಳಗೆ ಸಾಲಾಗಿ ಪಾತ್ರೆಗಳು: ಪಪ್ಪು, ಬೆಂಡೆಕಾಯಿ ಹುರಿದದ್ದು, ತೊಂಡೆಕಾಯಿ, ಬದನೆಕಾಯಿ, ಸಾಂಬಾರ್, ಚಾರು, ಪೆರುಗು (ಮೊಸರು) ಪಚ್ಚಡಿ. ಕೂರಲು ಜಾಗವಿಲ್ಲ, ಅನ್ನವೂ ಮುಖ್ಯವಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯವರು ಕುಕ್ಕರಿನಲ್ಲಿ ಅನ್ನ ಇಟ್ಟು ಬಂದು ಎರಡು ಪಲ್ಯ, ಒಂದು ಪಪ್ಪು ಕಟ್ಟಿಸಿಕೊಂಡು ಹೋಗುತ್ತಾರೆ. ಮೂರು ಜನ ಹುಡುಗರು ಸೇರಿ ರೂಮು ಮಾಡಿದ ಕಡೆಯೂ ಹೀಗೆಯೇ. ಊಟದ ಬೆಲೆಯಲ್ಲಿ ದೊಡ್ಡ ಪಾಲು ಬಡಿಸುವುದಕ್ಕೆ, ತೊಳೆಯುವುದಕ್ಕೆ, ಜಾಗಕ್ಕೆ ಹೋಗುತ್ತದೆ. ಅದನ್ನೆಲ್ಲ ಗಿರಾಕಿಯೇ ಮನೆಯಲ್ಲಿ ಮಾಡಿಕೊಂಡರೆ ಅಂಗಡಿಯವನಿಗೆ ಅಡುಗೆ ಮಾಡುವ ಕೆಲಸವೊಂದೇ ಉಳಿಯಿತು. ಲಾಡ್ಜಿನಲ್ಲಿ ಇಳಿದವರೂ ಇಲ್ಲಿಗೆ ಹೋಗಬಹುದು. ಕೇಳಿದರೆ ಬಹಳ ಕಡೆ ಬರೀ ಅನ್ನವನ್ನೂ ಕೊಡುತ್ತಾರೆ. ಒಂದು ಕಸಿವಿಸಿ ಮಾತ್ರ ಹೇಳಬೇಕು. ಕುದಿಯುವ ಸಾಂಬಾರನ್ನು ತೆಳ್ಳನೆ ಪ್ಲಾಸ್ಟಿಕ್ ಚೀಲಕ್ಕೆ ಸುರಿಯುವುದನ್ನು ನೋಡಿದರೆ ಅರ್ಧ ಹಸಿವು ಇಂಗುತ್ತದೆ. 2022ರ ಜೂನ್‌ನಿಂದ ವಿಶಾಖಪಟ್ಟಣದ ಮಹಾನಗರ ಪಾಲಿಕೆ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕನ್ನು ನಿಷೇಧಿಸಿದೆ. ಸ್ಟೀಲ್ ಡಬ್ಬಿ ತೆಗೆದುಕೊಂಡು ಹೋದರೆ ಅಂಗಡಿಯವರು ಬೇಡ ಅನ್ನುವುದಿಲ್ಲ, ಒಂದು ಸೌಟು ಹೆಚ್ಚೇ ಬೀಳುತ್ತದೆ.

ಮೆಸ್‌ಗಳಲ್ಲಿ ಕೂತು ಉಣ್ಣುವವರು 'ಪ್ಲೇಟ್ ಮೀಲ್ಸ್' ಮತ್ತು 'ಫುಲ್ ಮೀಲ್ಸ್' ವ್ಯತ್ಯಾಸ ಕೇಳಿಕೊಳ್ಳಿ. ಮೊದಲನೆಯದು ಅಳತೆ, ಎರಡನೆಯದು ಹೊಟ್ಟೆ. ನಮ್ಮವರು ಆಂಧ್ರ ಊಟ ಎಂದಕೂಡಲೇ ಖಾರ ಎಂದು ಹೆದರಿ ಮೊಸರನ್ನಕ್ಕೆ ಓಡುತ್ತಾರೆ. ಮೊದಲ ತುತ್ತಿಗೆ ಪುಡಿ, ತುಪ್ಪ, ಪಪ್ಪು ಕಲಸಿಕೊಂಡು ನಿಧಾನವಾಗಿ ಮುಂದಕ್ಕೆ ಹೋಗುವುದು ಅಲ್ಲಿನ ಕ್ರಮ. ಖಾರಕ್ಕೆ ಬಾಯಿ ಒಗ್ಗುವಷ್ಟರಲ್ಲಿ ಪೆರುಗು ಬರುತ್ತದೆ.

ಇಷ್ಟೆಲ್ಲ ತಿಳಿದ ನಾನೇ ಒಮ್ಮೆ ಎಡವಿದೆ. ವಿಶಾಖಪಟ್ಟಣಕ್ಕೆ ಹೋದವರು ರಾಮಕೃಷ್ಣ ಬೀಚಿಗೆ ಹೋಗದೆ ಇರುತ್ತಾರೆಯೇ? ದಡದ ಮೇಲೆ ನಿಲ್ಲಿಸಿ ವಸ್ತುಸಂಗ್ರಹಾಲಯ ಮಾಡಿರುವ ಕುರ್ಸುರಾ ಜಲಾಂತರ್ಗಾಮಿಯನ್ನು ನೋಡಿ ಹೊರಬಂದು, ಹಸಿವಿನಲ್ಲಿ ಕಣ್ಣಿಗೆ ಬಿದ್ದ ಮೀನಿನ ಅಂಗಡಿಯ ಮುಂದೆ ನಿಂತೆ. ಕೆಂಪು ಮಸಾಲೆ ಹಚ್ಚಿ ಸಾಲಾಗಿ ಜೋಡಿಸಿಟ್ಟ ಮೀನು ಕೈ ಬೀಸಿ ಕರೆಯುತ್ತಿತ್ತು. ಸುತ್ತ ನಿಂತವರೆಲ್ಲ ನನ್ನ ಹಾಗೆಯೇ ಕ್ಯಾಮೆರಾ ತೂಗುಹಾಕಿಕೊಂಡವರು. ಊರವರು ಒಬ್ಬರೂ ಇರಲಿಲ್ಲ. ಅದನ್ನು ಗಮನಿಸಿದ್ದು ತಿಂದ ಮೇಲೆ. ಮರುದಿನವೆಲ್ಲ ಲಾಡ್ಜಿನ ಕೋಣೆ, ಎಳನೀರು, ಉಪ್ಪು ಸಕ್ಕರೆಯ ನೀರು. ಅಂಗಡಿಯ ಮೇಲೆ ತಪ್ಪು ಹೊರಿಸುವುದರಲ್ಲಿ ಅರ್ಥವಿಲ್ಲ. ಒಂದೇ ಸಲ ಬರುವವರ ಸಾಲಿನಲ್ಲಿ ಹೋಗಿ ನಿಂತವನು ನಾನು.

ಬೀಚಿನಲ್ಲಿ ತಿನ್ನಬೇಕಾದದ್ದು ಮುರಿ ಮಿಕ್ಸ್ಚರ್. ಮುರಿ ಅಂದರೆ ಮಂಡಕ್ಕಿ. ಒಡಿಶಾ ಹತ್ತಿರವಾದ್ದರಿಂದ ಒಡಿಯಾ, ಬಂಗಾಳಿಗಳ ಆ ಶಬ್ದ ಇಲ್ಲಿಯವರ ಬಾಯಿಯಲ್ಲಿ ಉಳಿದಿದೆ. ನಮ್ಮ ಚುರುಮುರಿಯಲ್ಲೂ ಅದೇ 'ಮುರಿ' ಕೇಳಿಸುತ್ತದೆ. ಈರುಳ್ಳಿ, ಟೊಮೆಟೊ, ಕಡಲೆಕಾಯಿ ಬೀಜ, ನಿಂಬೆಹಣ್ಣು, ಕೊತ್ತಂಬರಿ. ಗಿರಾಕಿಯ ಎದುರಿಗೇ ಹೆಚ್ಚಿ, ಎದುರಿಗೇ ಕಲಸಿ ಕಾಗದದ ಪೊಟ್ಟಣಕ್ಕೆ ಸುರಿಯುತ್ತಾರೆ. ಇದರಲ್ಲಿ ಬೇಯಿಸಿ ಮುಚ್ಚಿಟ್ಟದ್ದು ಏನೂ ಇಲ್ಲ, ಆದ್ದರಿಂದ ಕೆಡುವುದು ಕಡಿಮೆ. ಸಣ್ಣ ಗಡಿಗೆಯಲ್ಲಿ ಮಸಾಲೆ ಕುಲುಕಿ ಕೊಡುವುದಕ್ಕೆ ಮುಂತ ಮಸಾಲಾ ಎಂದು ಹೆಸರು. ಮುಂತ ಅಂದರೆ ಆ ಗಡಿಗೆ. ಟೊಮೆಟೊವನ್ನು ಹಿಟ್ಟಿನಲ್ಲಿ ಅದ್ದಿ ಕರಿದು, ಸೀಳಿ, ಹೊಟ್ಟೆಯೊಳಗೆ ಈರುಳ್ಳಿ ಖಾರ ತುಂಬುವ ಟೊಮೆಟೊ ಬಜ್ಜಿಯೂ ಇದೆ. ಹುಬ್ಬಳ್ಳಿಯ ಗಿರ್ಮಿಟ್ ಪಕ್ಷಪಾತಿಗಳು ಮುರಿ ಮಿಕ್ಸ್ಚರನ್ನು ಒಪ್ಪಲಾರರು. ಕಡಲಗಾಳಿಯಲ್ಲಿ ನಿಂತು ತಿಂದರೆ ಒಪ್ಪಬಹುದು.

ಬೆಂಗಳೂರಿನಿಂದ ಭುವನೇಶ್ವರಕ್ಕೆ ಹೋಗುವ ಪ್ರಶಾಂತಿ ಎಕ್ಸ್‌ಪ್ರೆಸ್ ವಿಶಾಖಪಟ್ಟಣ ಮುಟ್ಟುವ ಮೊದಲು ವಿಜಯವಾಡದಲ್ಲಿ ನಿಲ್ಲುತ್ತದೆ. ಎರಡು ಊರುಗಳ ನಡುವೆ ಸುಮಾರು 350 ಕಿ.ಮೀ. ಒಂದು ದಿನ ಇಳಿದು ಹೋಗುವುದಾದರೆ ನಿಲ್ದಾಣಕ್ಕೆ ಸಮೀಪದ ಗಾಂಧಿನಗರಕ್ಕೆ ನಡೆಯಿರಿ. ಅಲ್ಲಿನ ಬಾಬಾಯ್ ಹೋಟೆಲ್ ಎಂಬ ಹಳೆಯ ತಿಂಡಿ ಮನೆ ಇಡ್ಲಿಯ ಮೇಲೆ ಬೆಣ್ಣೆ ಹಾಕಿ ಕೊಡುವುದಕ್ಕೆ ಹೆಸರುವಾಸಿ. ಬಾಬಾಯ್ ಅಂದರೆ ಚಿಕ್ಕಪ್ಪ. ದಾವಣಗೆರೆಯವರು ಬೆಣ್ಣೆಯನ್ನು ದೋಸೆಗೆ ಹಾಕಿದರು, ಇವರು ಇಡ್ಲಿಗೆ ಹಾಕಿದರು. ಇಡ್ಲಿಗೆ ಹಾಕಿದ್ದೇ ಸರಿ ಎಂದು ನನ್ನ ಅಭಿಪ್ರಾಯ. ದೋಸೆಯ ಗರಿಗರಿಯನ್ನು ಬೆಣ್ಣೆ ಅರ್ಧ ನುಂಗುತ್ತದೆ, ಇಡ್ಲಿಗೆ ಕಳೆದುಕೊಳ್ಳಲು ಏನೂ ಇಲ್ಲ. ದಾವಣಗೆರೆಯ ಗೆಳೆಯರು ಕ್ಷಮಿಸಬೇಕು. ಪಟ್ಟಿಗಳಲ್ಲಿ ಹೆಸರು ಬರುವ ಅಂಗಡಿಯಲ್ಲವೇ ಇದು ಎಂದು ನನ್ನ ಮಾತನ್ನು ನನಗೇ ತಿರುಗಿಸುವವರಿದ್ದಾರೆ. ಹೌದು. ಊರಿನವರು ಬಿಟ್ಟುಹೋಗದ ಅಂಗಡಿ ಪಟ್ಟಿಯಲ್ಲಿದ್ದರೂ ತಡೆದುಕೊಳ್ಳುತ್ತದೆ. ವಿಜಯವಾಡದ ಸಂಜೆಯ ಪುನುಗುಲು ಮಾತ್ರ ಯಾವ ಹೆಸರಾಂತ ಅಂಗಡಿಯೂ ಬೇಡದೆ ಯಾವ ಬೀದಿಯಲ್ಲಾದರೂ ಚೆನ್ನಾಗಿರುತ್ತವೆ.

ಇದೇ ವಿಜಯವಾಡದಲ್ಲಿ 2018ರ ಜುಲೈ 11ರಂದು ಅಣ್ಣ ಕ್ಯಾಂಟೀನುಗಳು ಆರಂಭವಾದವು. ತಿಂಡಿ 5 ರೂಪಾಯಿ, ಮಧ್ಯಾಹ್ನದ ಊಟ 5, ರಾತ್ರಿಯದೂ 5. ಈ ಹೆಸರು ಎನ್.ಟಿ. ರಾಮರಾವ್ ಅವರದು. ತೆಲುಗಿನಲ್ಲಿ ಅಭಿಮಾನಿಗಳು ಅವರನ್ನು ಕರೆಯುವ 'ಅನ್ನ'ವೂ ತಟ್ಟೆಯ 'ಅನ್ನಂ'ವೂ ಒಂದೇ ನಾಲಿಗೆಯ ತುದಿಯಿಂದ ಬರುತ್ತವೆ. ನಮಗೆ ಅಣ್ಣ ಬೇರೆ, ಅನ್ನ ಬೇರೆ, ಈ ಶ್ಲೇಷ ದಕ್ಕುವುದಿಲ್ಲ. ಆಗ ಅಡುಗೆ ಒದಗಿಸಿದ್ದು 2000ದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಕ್ಷಯ ಪಾತ್ರ ಸಂಸ್ಥೆ. 2019ರಲ್ಲಿ ಸರ್ಕಾರ ಬದಲಾಯಿತು, ಕ್ಯಾಂಟೀನುಗಳು ಮುಚ್ಚಿದವು. 2024ರಲ್ಲಿ ಸರ್ಕಾರ ಮತ್ತೆ ಬದಲಾಯಿತು, ಆಗಸ್ಟ್ 15ರಂದು ಗುಡಿವಾಡದಲ್ಲಿ ಮತ್ತೆ ತೆರೆದವು. ಬೆಂಗಳೂರಿನ ಇಂದಿರಾ ಕ್ಯಾಂಟೀನ್ ಶುರುವಾದದ್ದು 2017ರ ಆಗಸ್ಟ್ 16ರಂದು, ತಿಂಡಿಗೆ 5, ಊಟಕ್ಕೆ 10 ರೂಪಾಯಿಗೆ. ಅದಕ್ಕೂ ಮೊದಲು 2013ರಲ್ಲಿ ಚೆನ್ನೈನಲ್ಲಿ ಅಮ್ಮ ಉಣವಗಂ ಒಂದು ರೂಪಾಯಿಗೆ ಇಡ್ಲಿ ಕೊಟ್ಟಿತ್ತು. ಇಂಥಲ್ಲಿ ರುಚಿಯ ವಿಮರ್ಶೆ ಮಾಡಲು ಹೋಗುವುದು ಸಣ್ಣತನ. ಆದರೂ ಹೇಳುತ್ತೇನೆ, ಬಿಸಿಯಿರುವಾಗ ಹೋದರೆ ಉಪ್ಪಿಟ್ಟು ಚೆನ್ನಾಗಿಯೇ ಇರುತ್ತದೆ. ನನಗೆ ಬೇಸರ ತರಿಸುವುದು ಚುನಾವಣೆಗೊಮ್ಮೆ ಒಲೆ ಆರುವುದು, ಹೊತ್ತುವುದು. ಕೂಲಿಯವನ ಹಸಿವಿಗೆ ಐದು ವರ್ಷದ ಅವಧಿ ಇರುವುದಿಲ್ಲ. ಐದು ರೂಪಾಯಿ ಊಟದ ಎದುರು ಬಂಡಿಯವನು ಹೇಗೆ ಬದುಕುತ್ತಾನೆ ಎಂಬ ಪ್ರಶ್ನೆಯೂ ಇದೆ. ಕ್ಯಾಂಟೀನಿನಲ್ಲಿ ಅಳತೆ ಒಂದೇ, ಹೊತ್ತು ಒಂದೇ, ಸಾಲು ಉದ್ದ. ಬಂಡಿಯಲ್ಲಿ 'ಇನ್ನೊಂದು ಸ್ವಲ್ಪ ಅಲ್ಲಂ ಹಾಕಿ' ಎನ್ನಬಹುದು. ಎರಡಕ್ಕೂ ಗಿರಾಕಿ ಇದ್ದಾನೆ.

ದ್ವಾರಕಾ ನಗರ ಎಂಬ ಹೆಸರು ಕೇಳಿದಾಗಿನಿಂದ ತಲೆಯೊಳಗೆ ಒಂದು ಹುಳ ಕೊರೆಯುತ್ತಿತ್ತು. ಉಡುಪಿಯ ಕೃಷ್ಣನೂ ದ್ವಾರಕೆಯವನೇ ಅಲ್ಲವೇ. ರುಕ್ಮಿಣಿ ಪೂಜಿಸಿದ ವಿಗ್ರಹ ಗೋಪೀಚಂದನದ ಗಡ್ಡೆಯೊಳಗೆ ಸೇರಿ, ಹಡಗಿನಲ್ಲಿ ಮಲ್ಪೆಯ ಕಡಲಿಗೆ ಬಂದು, ಮಧ್ವಾಚಾರ್ಯರ ಕೈ ಸೇರಿತೆಂದು ಐತಿಹ್ಯ. ಆ ಕೃಷ್ಣನ ಊರಿನ ಅಡುಗೆಯವರು ಮುಂದೆ ದಕ್ಷಿಣದ ಊರೂರಿಗೆ ಹೋಗಿ ಹೋಟೆಲ್ ತೆರೆದರು. ತೆಲುಗು ನಾಡಿನಲ್ಲಿಯೂ ಸಸ್ಯಾಹಾರದ ಹೋಟೆಲಿಗೆ ಉಡುಪಿ ಎಂಬುದು ಪರಿಚಿತ ಹೆಸರು. ಮೈಸೂರು ಬಜ್ಜಿಯೆಂಬ ಗೋಳಿಬಜೆ ಅವರ ಬಾಣಲೆಯಿಂದಲೇ ಇಲ್ಲಿಗೆ ಬಂದಿರಬಹುದು ಎಂದು ನನ್ನ ಊಹೆ, ಪುರಾವೆ ಕೇಳಬೇಡಿ. ಪುರಾವೆ ಇರುವ ನಂಟು ಬೇರೆಯೇ ಇದೆ. ಮಧ್ವರ ನೇರ ಶಿಷ್ಯರಲ್ಲಿ ಒಬ್ಬರಾದ ನರಹರಿ ತೀರ್ಥರು 13ನೇ ಶತಮಾನದಲ್ಲಿ ಕಳಿಂಗದ ಗಂಗ ಅರಸರ ಆಡಳಿತದಲ್ಲಿ ದೊಡ್ಡ ಸ್ಥಾನದಲ್ಲಿದ್ದವರು. ಅವರ ಶಾಸನಗಳು ಶ್ರೀಕೂರ್ಮಂನಲ್ಲಿಯೂ ವಿಶಾಖಪಟ್ಟಣದ ಪಕ್ಕದ ಸಿಂಹಾಚಲದಲ್ಲಿಯೂ ಇವೆ. ಕಳಿಂಗದ ದಂಡಯಾತ್ರೆಯ ಕಾಲದಲ್ಲಿ, 1516ರಲ್ಲಿ, ಕೃಷ್ಣದೇವರಾಯನೂ ಸಿಂಹಾಚಲಕ್ಕೆ ಬಂದು ದೇವರಿಗೆ ಒಡವೆ ಕೊಟ್ಟು ಶಾಸನ ಹಾಕಿಸಿದ. ಬೆಟ್ಟದ ಮೇಲಿನ ನಿತ್ಯಾನ್ನದಾನದಲ್ಲಿ ಊಟ ಈಗಲೂ ಉಚಿತ. ಅಗ್ಗದ ಲೆಕ್ಕದಲ್ಲಿ ಅದನ್ನು ಮೀರಿಸುವವರಿಲ್ಲ, ಆದರೆ ಅದನ್ನು ಈ ಬರಹಕ್ಕೆ ಸೇರಿಸುವುದು ನ್ಯಾಯವಲ್ಲ.

ಶುಚಿಯ ಮಾತು ಎತ್ತದೆ ಬೀದಿ ತಿಂಡಿಯ ಬಗ್ಗೆ ಬರೆದರೆ ಮನೆಯವರು ಬೈಯುತ್ತಾರೆ. ನಾನು ನೋಡುವುದು ಇಷ್ಟೇ. ಎಣ್ಣೆ ಕಪ್ಪಾಗಿ, ಬಜ್ಜಿ ಬಿಟ್ಟ ಕೂಡಲೇ ಅಂಚಿನವರೆಗೆ ನೊರೆ ಉಕ್ಕಿದರೆ ಅಲ್ಲಿಂದ ಸರಿಯುವುದು. ಎಣ್ಣೆಯಲ್ಲಿ ಕಾಯಿಸಿದಷ್ಟೂ ಹೆಚ್ಚುವ ಪೋಲಾರ್ ಸಂಯುಕ್ತಗಳು ಶೇ 25 ದಾಟಿದರೆ ಅದನ್ನು ಮತ್ತೆ ಬಳಸಬಾರದೆಂದು 2018ರಿಂದ ನಿಯಮವೇ ಇದೆ, ಅದನ್ನು ಅಳೆಯುವ ಯಂತ್ರ ನಮ್ಮಲ್ಲಿಲ್ಲ, ಕಣ್ಣು ಮೂಗು ಇವೆ. ಇಡ್ಲಿ ಹಬೆಯಿಂದ ನೇರ ತಟ್ಟೆಗೆ ಬರಬೇಕು. ದುಡ್ಡು ಮುಟ್ಟುವ ಕೈ ಚಟ್ನಿ ಮುಟ್ಟಬಾರದು. ಈಗ ಎಲ್ಲ ಬಂಡಿಯಲ್ಲೂ ಫೋನಿಗೆ ತೋರಿಸುವ ಚೌಕ ಅಂಟಿಸಿರುವುದರಿಂದ ಈ ಒಂದು ತಕರಾರು ತಾನಾಗಿ ಕಡಿಮೆಯಾಗಿದೆ. ನೀರು ನಮ್ಮದೇ ಇರಲಿ.

ಬಂಡಿ ನಾಳೆಯೂ ಅಲ್ಲೇ ಇರುತ್ತದೆ ಎಂಬ ಖಾತ್ರಿ ಮಾತ್ರ ಯಾರಿಗೂ ಇಲ್ಲ. ಬೀದಿ ವ್ಯಾಪಾರಿಗಳಿಗೆ ರಕ್ಷಣೆ ಕೊಡಲು 2014ರಲ್ಲಿ ಸಂಸತ್ತು ಕಾನೂನು ಮಾಡಿತು. ಸಮೀಕ್ಷೆ ಮಾಡಿ, ಗುರುತು ಚೀಟಿ ಕೊಟ್ಟು, ವ್ಯಾಪಾರದ ವಲಯ ಗುರುತಿಸಿ, ಆಮೇಲೆ ಎಬ್ಬಿಸಬೇಕೋ ಬೇಡವೋ ನೋಡಬೇಕೆಂದು ಅದು ಹೇಳುತ್ತದೆ. 2025ರಲ್ಲಿ ವಿಶಾಖಪಟ್ಟಣದ ಪಾಲಿಕೆ 'ಆಪರೇಷನ್ ಲಂಗ್ಸ್' ಎಂಬ ಹೆಸರಿನಲ್ಲಿ ರಸ್ತೆ ಬದಿಯ ಅಂಗಡಿ, ಬಂಡಿಗಳನ್ನು ದೊಡ್ಡ ಪ್ರಮಾಣದಲ್ಲಿ ತೆರವು ಮಾಡಿತು. ಪಾದಚಾರಿಗೆ ನಡೆಯಲು ಜಾಗ ಬೇಕು ಎಂಬುದು ಸುಳ್ಳಲ್ಲ. ಬೆಂಗಳೂರಿನ ಫುಟ್‌ಪಾತಿನಲ್ಲಿ ನಡೆದು ಕಾಲು ಉಳುಕಿಸಿಕೊಂಡವನು ನಾನು. ಆದರೆ ಬಂಡಿ ಎದ್ದುಹೋದ ಬೀದಿಯಲ್ಲಿ ಗ್ರಂಥಾಲಯದಿಂದ ಹೊರಬಂದ ಹುಡುಗ ಎಲ್ಲಿ ತಿನ್ನಬೇಕೆಂದು ತೆರವಿನ ಆದೇಶದಲ್ಲಿ ಬರೆದಿರುವುದಿಲ್ಲ. ತೆರವು ಮಾಡುವ ಪಾಲಿಕೆ, ಅದು ಯಾವ ಊರಿನದೇ ಆಗಲಿ, ಮೊದಲು ಬದಲಿ ಜಾಗ ತೋರಿಸಲಿ. ಕಾನೂನು ಕೇಳುವುದೂ ಅಷ್ಟನ್ನೇ.

ಹೋಗುವವರಿಗೆ ಒಂದು ಮಾತು. ದ್ವಾರಕಾ ನಗರಕ್ಕೆ ಬೆಳಿಗ್ಗೆ ಏಳರೊಳಗೆ ಹೋಗಿ, ಪುಸ್ತಕದ ಚೀಲ ಬೆನ್ನಿಗೆ ಹಾಕಿಕೊಂಡವರು ಗುಂಪಾಗಿ ನಿಂತ ಕಡೆ ನಿಲ್ಲಿ. ಪೆಸರಟ್ಟಿನ ಹಿಟ್ಟು ಹತ್ತರ ಹೊತ್ತಿಗೆ ಮುಗಿಯುತ್ತದೆ, ಮತ್ತೆ ರುಬ್ಬುವುದಿಲ್ಲ.